ಕಾವಿ ಹಲಗೆ: ಸಂಗ್ರಹಾಲಯದ ಜಗುಲಿಯಲ್ಲಿ ಮನೆಮಂದಿಗೆಲ್ಲ ಒಂದು ಕಮ್ಮಟ

ಕರಾವಳಿಯ ಹಳೆ ಗೋಡೆಗಳ ಕಾವಿ ಕಲೆಯಲ್ಲಿ ಕುಂಚದಿಂದ ಚಿತ್ರ ಬರೆಯುವುದಿಲ್ಲ. ಬಿಳಿ ಗಾರೆಯ ಮೇಲೆ ಕೆಂಪು ಗಾರೆ ಬಳಿದು, ಅದು ಹಸಿಯಿರುವಾಗಲೇ ಬೇಡದ ಕೆಂಪನ್ನು ಕೆರೆದು ತೆಗೆಯುತ್ತಾರೆ, ಉಳಿದದ್ದೇ ಚಿತ್ರ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆ ನೋಡಿದವರಿಗೂ ಅದು ಬಳಿದ ಬಣ್ಣ ಎನ್ನಿಸಿಬಿಡುತ್ತದೆ. ಅದಕ್ಕೇ ಕಮ್ಮಟದ ಮೇಜಿನ ಮೇಲೆ ನಾವು ಬಣ್ಣದ ಡಬ್ಬಿಯನ್ನೇ ಇಡುವುದಿಲ್ಲ.

ಕರಾವಳಿಯ ಮೂಲ ಪಾಕದಲ್ಲಿ ಚಿಪ್ಪಿನ ಸುಣ್ಣ, ಮರಳು, ಬೆಲ್ಲದ ನೀರು ಇರುತ್ತವೆ. ಹಸಿ ಸುಣ್ಣ ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು, ಮಕ್ಕಳ ಕೈಗೆ ಅದು ಬೇಡ. ನಾವು ಚಾಕ್ ಪುಡಿ ಮತ್ತು ಫೆವಿಕಾಲ್ ಬಳಸುತ್ತೇವೆ.

ಒಬ್ಬೊಬ್ಬರಿಗೆ 20 ಸೆಂ.ಮೀ. ಚೌಕದ, 9 ಮಿ.ಮೀ. ದಪ್ಪದ ಪ್ಲೈವುಡ್ ತುಂಡು. ತೆಳು ಪ್ಲೈವುಡ್ ನೀರು ಕುಡಿದು ಡೊಂಕಾಗುತ್ತದೆ. ದಪ್ಪದ್ದಕ್ಕೂ ಹಿಂಬದಿಗೆ ಬಿಳಿ ಪದರದ್ದೇ ಒಂದು ಕೈ ಬಳಿಯಿರಿ. ಬಿಳಿ ಪದರಕ್ಕೆ ಚಾಕ್ ಪುಡಿ 3 ಲೋಟ, ಫೆವಿಕಾಲ್ 1 ಲೋಟ, ದೋಸೆ ಹಿಟ್ಟಿನ ಹದಕ್ಕೆ ಬರುವಷ್ಟು ನೀರು. ಎರಡು ಕೈ, ಒಂದು ಅಡ್ಡ, ಒಂದು ಉದ್ದ. ಎರಡು ದಿನ ಮೊದಲೇ ಮುಗಿಸಿಡಬೇಕು. ಮಳೆಗಾಲದಲ್ಲಿ ಫ್ಯಾನ್ ಹಾಕಿದರೂ ನಾಲ್ಕು ದಿನ ಬೇಕು.

ಕೆಂಪಿಗೆ ಕೆಮ್ಮಣ್ಣನ್ನು ಹಳೆ ಪಂಚೆ ಬಟ್ಟೆಯಲ್ಲಿ ಸೋಸಿ. ಒಂದು ಹರಳು ಉಳಿದರೂ ಕೆರೆಯುವ ಸೂಜಿ ಅದಕ್ಕೆ ತಾಗಿ ಗೆರೆ ಹಾರುತ್ತದೆ. ಮಣ್ಣು 6 ಪಾಲು, ಫೆವಿಕಾಲ್ 1 ಪಾಲು, ಬಳಿಯುವ ಹದಕ್ಕೆ ಬರುವಷ್ಟು ನೀರು. ಕೆಳಗಿನದು ಗಟ್ಟಿ, ಮೇಲಿನದು ಮೆತ್ತಗೆ ಇದ್ದರೆ ಸೂಜಿ ತಾನಾಗಿ ಬಿಳಿಯಲ್ಲಿ ನಿಲ್ಲುತ್ತದೆ. ಎರಡಕ್ಕೂ ಒಂದೇ ಅಳತೆಯಲ್ಲಿ ಅಂಟು ಹಾಕಿದಾಗ ಬಿಳಿಯೂ ಕಿತ್ತು ಮರ ಕಂಡಿತು. ಕೆಂಪಿಗೆ ಅಂಟು ಜಾಸ್ತಿಯಾದರೂ ಕಷ್ಟವೇ, ಹಾಲಿನ ಕೆನೆಯಂತೆ ಇಡೀ ಪದರ ಎದ್ದು ಬರುತ್ತದೆ.

ಕೆಂಪನ್ನು 1 ಮಿ.ಮೀ. ದಪ್ಪಕ್ಕೆ ಎಳೆದು ಕಾಯಬೇಕು. ಬೇಸಿಗೆಯಲ್ಲಿ ಸುಮಾರು 20 ನಿಮಿಷ, ಆದರೆ ಗಡಿಯಾರಕ್ಕಿಂತ ಬೆರಳನ್ನು ನಂಬಿ: ಮುಟ್ಟಿದರೆ ತಣ್ಣಗಿರಬೇಕು, ಬಣ್ಣ ಮೆತ್ತಬಾರದು. ಮೂಲೆಯಲ್ಲಿ ಒಂದು ಗೆರೆ ಕೆರೆದು ನೋಡಿ. ಸೂಜಿಗೆ ಅಂಟಿಕೊಂಡು ಬಂದರೆ ಇನ್ನೂ ಹಸಿ. ರವೆಯಂತೆ ಉದುರಿದರೆ ಸರಿಯಾದ ಹದ. ಧೂಳೆದ್ದು ಅಂಚು ಮುರಿದರೆ ಒಣಗಿಹೋಗಿದೆ; ಒದ್ದೆ ಬಟ್ಟೆಯನ್ನು ಹಿಂಡಿ, ಹಲಗೆಗೆ ತಾಗದಂತೆ ಐದು ನಿಮಿಷ ಮೇಲೆ ಹಿಡಿಯಿರಿ. ಈ ಹದ ನಿಲ್ಲುವುದು ಅರ್ಧ ತಾಸು. ಎಲ್ಲ ಹಲಗೆಗೂ ಒಟ್ಟಿಗೆ ಕೆಂಪು ಬಳಿದರೆ ತಡವಾಗಿ ಬಂದವರಿಗೆ ಒಣ ಹಲಗೆಯೇ ಗತಿ. ಹಾಗಾಗಿ ಐದೈದು ಹಲಗೆ, ಹತ್ತು ನಿಮಿಷದ ಅಂತರದಲ್ಲಿ.

ಕಾಯುವ ಹೊತ್ತಿನಲ್ಲಿ ಕಾಗದದ ಮೇಲೆ ಕೈವಾರದಿಂದ ಆರು ಎಸಳಿನ ಹೂ. ಕೈವಾರದ ಅಗಲ ಬದಲಿಸದೆ, ವೃತ್ತದ ಅಂಚಿನಲ್ಲಿ ಮುಳ್ಳಿಟ್ಟು ಕಮಾನು ಎಳೆದು, ಅದು ಅಂಚನ್ನು ಕಡಿದಲ್ಲಿ ಮತ್ತೆ ಮುಳ್ಳಿಟ್ಟು, ಹೀಗೆ ಸುತ್ತ ಬಂದರೆ ಸಾಕು. ಉಳಿಯಬೇಕಾದ ಭಾಗಕ್ಕೆ ಮೊದಲೇ ಕೆಂಪು ಪೆನ್ಸಿಲ್ ತುಂಬಿಸಿ. ಇಲ್ಲವಾದರೆ ಮಕ್ಕಳು ಎಸಳನ್ನೇ ಕೆರೆದು ಹಾಕುತ್ತಾರೆ.

ಕೆರೆಯಲು ದೊಡ್ಡವರಿಗೆ ಡಬ್ಬಣ, ಎಂಟು ವರ್ಷದೊಳಗಿನವರಿಗೆ ಚೂಪು ಮಾಡಿದ ಬಿದಿರ ಕಡ್ಡಿ. ಹಲಗೆಯ ಮೇಲೆ ಮೊದಲು ಆ ಹೂವಿನ ಅಂಚಿನ ಗೆರೆ, ಆಮೇಲೆ ಹಿನ್ನೆಲೆ. ಪುಡಿಯನ್ನು ಬಾಯಿಂದ ಊದಿದರೆ ಪಕ್ಕದವರ ಕಣ್ಣಿಗೆ, ಕೈಯಿಂದ ಒರೆಸಿದರೆ ಬಿಳಿಯೆಲ್ಲ ಗುಲಾಬಿ. ಮೆತ್ತನೆಯ ಒಣ ಕುಂಚದಿಂದ ಗುಡಿಸಿ (ಕುಂಚಕ್ಕೆ ಕಡೆಗೂ ಒಂದು ಕೆಲಸ ಸಿಕ್ಕಿತು). ಅಪ್ಪ ಅಮ್ಮಂದಿರು ಮಕ್ಕಳ ಕೈಯಿಂದ ಕಡ್ಡಿ ಕಸಿದುಕೊಳ್ಳುವುದು ಖಂಡಿತ, ಅವರಿಗೂ ಬೇರೆ ಹಲಗೆ ಕೊಟ್ಟುಬಿಡಿ.

ಮುಗಿದ ಹಲಗೆ ನೆರಳಲ್ಲಿ ಒಣಗಲಿ, ಬಿಸಿಲಿಗಿಟ್ಟರೆ ಕೆಂಪು ಬಿರಿಯುತ್ತದೆ. ಅದೇ ದಿನ ಒಯ್ಯುವವರಿಗೆ ಖಾಲಿ ಸ್ವೀಟ್ ಡಬ್ಬಿ ಕೊಡಿ. ಹಸಿ ಕೆಮ್ಮಣ್ಣಿಗೆ ಪತ್ರಿಕೆ ಸುತ್ತಿದರೆ ಹೂವಿನ ಮೇಲೆ ಸುದ್ದಿಯೂ ಅಂಟಿಕೊಳ್ಳುತ್ತದೆ.