ಎರೆಹೊಲದಲ್ಲಿ ಜಿ 63: ಮೂರು ಲಾಕುಗಳನ್ನು ನಾನು ಬಳಸುವ ಬಗೆ

ಮರ್ಸಿಡಿಸ್-ಬೆಂಜ್ ಕಂಪನಿಯ ಜಿ 63 ಗಾಡಿ ನಿಲ್ಲಿಸಿದ ಕಡೆಯಲ್ಲೆಲ್ಲ ಜನ ಮೊದಲು ಕೇಳುವುದು ಬೆಲೆ, ಆಮೇಲೆ ಮೈಲೇಜು. ಬೆಲೆಗೆ ಉತ್ತರವಿದೆ: 2018ರ ಅಕ್ಟೋಬರ್‌ನಲ್ಲಿ ಈ ಮಾದರಿ ಭಾರತಕ್ಕೆ ಬಂದಾಗ ಶೋರೂಂ ಬೆಲೆ 2.19 ಕೋಟಿ ರೂಪಾಯಿ. ಮೈಲೇಜು ಕೇಳಿದವರಿಗೆ ಟ್ಯಾಂಕಿನ ಮುಚ್ಚಳ ತೋರಿಸುತ್ತೇನೆ; 100 ಲೀಟರ್ ಹಿಡಿಯುವ ಟ್ಯಾಂಕನ್ನು ಯಾರೂ ಅಲಂಕಾರಕ್ಕೆ ಇಟ್ಟಿರುವುದಿಲ್ಲ. ಡ್ಯಾಶ್‌ಬೋರ್ಡಿನ ನಡುವೆ ಸಾಲಾಗಿ ಕೂತಿರುವ ಮೂರು ಗುಂಡಿಗಳ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಈ ಗಾಡಿಯನ್ನು ಉಳಿದ ದುಬಾರಿ ಗಾಡಿಗಳ ಸಾಲಿನಿಂದ ಎತ್ತಿ ಪಕ್ಕಕ್ಕಿಡುವುದು ಅವೇ.

ನಾನು ದಾವಣಗೆರೆಯ ಸಾಹುಕಾರರೊಬ್ಬರ ಚಾಲಕ, ಅರ್ಧ ಮೆಕ್ಯಾನಿಕ್ ಕೂಡ. ಅವರಿಗೆ ಚನ್ನಗಿರಿ ಕಡೆ ಅಡಿಕೆ ತೋಟ, ಜಗಳೂರು ದಾರಿಯಲ್ಲಿ ಮೆಕ್ಕೆಜೋಳದ ಹೊಲ, ಚಿತ್ರದುರ್ಗದ ಆಚೆ ಗುಡ್ಡದ ಮೇಲೆ ಗಾಳಿಯಂತ್ರಗಳ ಗುತ್ತಿಗೆ ಕೆಲಸ. ಇಂಥ ಗಾಡಿ ಇಟ್ಟವರು ಹೊಲಕ್ಕೆ ಹೋಗಲು ಬೇರೆ ಜೀಪು ಇಡುವುದು ವಾಡಿಕೆ. ನಮ್ಮವರು ಕೊಟ್ಟ ದುಡ್ಡಿಗೆ ಗಾಡಿ ದುಡಿಯಲಿ ಎನ್ನುವ ಪೈಕಿ. ಹಾಗಾಗಿ ಮದುವೆ ಮಂಟಪದ ಮುಂದೆ ನಿಲ್ಲುವ ಗಾಡಿಯನ್ನೇ ನಾನು ಕೆಸರಿಗೂ ಇಳಿಸುತ್ತೇನೆ.

ಶಕ್ತಿಯ ಮಾತನ್ನು ಬೇಗ ಮುಗಿಸಿಬಿಡುತ್ತೇನೆ. 4 ಲೀಟರಿನ ವಿ8 ಪೆಟ್ರೋಲ್ ಎಂಜಿನ್, ಎರಡು ಟರ್ಬೊ (ಎಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಅದಕ್ಕೇ ಹೆಚ್ಚು ಗಾಳಿ ತುಂಬುವ ಯಂತ್ರ), 585 ಅಶ್ವಶಕ್ತಿ, 850 ನ್ಯೂಟನ್ ಮೀಟರ್ ಟಾರ್ಕ್, ಒಂಬತ್ತು ಗೇರು. ನಿಂತ ಜಾಗದಿಂದ 100 ಕಿ.ಮೀ. ವೇಗಕ್ಕೆ 4.5 ಸೆಕೆಂಡ್. ಎರಡೂವರೆ ಟನ್ ತೂಗುವ, ಬೀರುವಿನ ಆಕಾರದ ಗಾಡಿ ಹಾಗೆ ಓಡುವುದು ಸೋಜಿಗವೇ. ಎಂಜಿನ್ ಮೇಲೆ ಅದನ್ನು ಜರ್ಮನಿಯ ಅಫಾಲ್ಟರ್‌ಬಾಖ್‌ನಲ್ಲಿ ಒಬ್ಬನೇ ಕೂತು ಜೋಡಿಸಿದ ಕೆಲಸಗಾರನ ಸಹಿಯ ಫಲಕವಿದೆ. ಅದನ್ನು ನಾನು ಬಾನೆಟ್ ಎತ್ತಿದಾಗಲೆಲ್ಲ ಒರೆಸುತ್ತೇನೆ. ಆದರೆ ಮಳೆ ಬಿದ್ದ ಎರೆಹೊಲದಲ್ಲಿ ಈ 585 ಅಶ್ವಶಕ್ತಿಯಲ್ಲಿ ಬಹುಪಾಲು ನಿರುಪಯೋಗಿ. ಅದರ ಏಳನೇ ಒಂದು ಪಾಲು ಶಕ್ತಿಯೂ ಇಲ್ಲದ ಬೊಲೆರೊ ದಾಟಿದ ಜಾಗದಲ್ಲಿ ಎಕ್ಸಲರೇಟರ್ ಒತ್ತಿದ ದೊಡ್ಡ ಗಾಡಿಗಳು ಹೂತು ಕೂತಿದ್ದನ್ನು ಈ ಭಾಗದವರೆಲ್ಲ ನೋಡಿದ್ದಾರೆ.

ಕಾರಣ ಮಣ್ಣಿನಲ್ಲಿದೆ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕೈ ಇಳಿಯುವಷ್ಟು ಬಿರಿಯುತ್ತದೆ. ಹಸಿಯಾಗಿರುವಾಗ ಟೈರಿಗೆ ಅಂಟಿ, ಅದರ ಹಲ್ಲುಗಳ ಸಂದಿಯನ್ನೆಲ್ಲ ತುಂಬಿ ನುಣ್ಣಗೆ ಮಾಡುತ್ತದೆ. ಚಕ್ರ ಒಂದು ಸುತ್ತು ಸುಮ್ಮನೆ ತಿರುಗಿತೆಂದರೆ ಕೆಳಗಿನ ನೆಲಕ್ಕೂ ಪಾಲಿಶ್ ಆಯಿತು. ಎರಡನೇ ಸುತ್ತಿಗೆ ಅಲ್ಲಿ ಹಿಡಿಯಲು ಏನೂ ಉಳಿದಿರುವುದಿಲ್ಲ. ಕೆಂಪು ಮಣ್ಣಿನ ಮಸಾರಿ ನೆಲ ಹಾಗಲ್ಲ, ಎರಡು ಮೂರು ಸಲ ಕ್ಷಮಿಸುತ್ತದೆ.

ಇನ್ನು ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಎರಡಕ್ಕೂ ಬೇರೆ ಬೇರೆ ವೇಗ ಬಿಟ್ಟುಕೊಡುವುದು ಅದರ ಕೆಲಸ. ಡಾಂಬರಿನ ಮೇಲೆ ಅದಿಲ್ಲದೆ ನಡೆಯದು. ಕೆಸರಿನಲ್ಲಿ ಅದೇ ಶತ್ರು: ಜಾರುತ್ತಿರುವ ಚಕ್ರವನ್ನು ತಿರುಗಿಸಲು ಎಷ್ಟು ಬಲ ಸಾಕೋ, ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಬಲ ಸಿಗುತ್ತದೆ. ಎಂಜಿನ್ ಎಷ್ಟೇ ದೊಡ್ಡದಿರಲಿ, ಲೆಕ್ಕ ಬದಲಾಗುವುದಿಲ್ಲ. ಈಚಿನ ಬಹಳಷ್ಟು ದುಬಾರಿ ಎಸ್‌ಯುವಿಗಳು ಇದಕ್ಕೆ ಬ್ರೇಕಿನಿಂದ ಪರಿಹಾರ ಹುಡುಕುತ್ತವೆ. ಜಾರುವ ಚಕ್ರಕ್ಕೆ ಕಂಪ್ಯೂಟರ್ ಬ್ರೇಕ್ ಹಾಕಿ ಆಚೆಯ ಚಕ್ರಕ್ಕೆ ಬಲ ದಾಟಿಸುತ್ತದೆ. ಕಲ್ಲು ಮರಳಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಎರೆಯಲ್ಲಿ ಒಂದು ತೊಡಕು: ಕಂಪ್ಯೂಟರಿಗೆ ಗೊತ್ತಾಗಬೇಕಾದರೆ ಚಕ್ರ ಮೊದಲು ಜಾರಬೇಕು. ಆ ಮೊದಲ ಜಾರುವಿಕೆಯೇ ನಮಗೆ ಬೇಡವಾದದ್ದು.

ಜಿ 63ರ ಮೂರು ಗುಂಡಿಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಡಿಫರೆನ್ಷಿಯಲ್ ಬಿಟ್ಟುಕೊಡುವ ವೇಗದ ವ್ಯತ್ಯಾಸವನ್ನು ತಡೆಯುವ ಲಾಕುಗಳ ಗುಂಡಿಗಳಿವು: ಒಂದು ನಡುವಿನ ಡಿಫರೆನ್ಷಿಯಲ್ಲಿಗೆ, ಒಂದು ಹಿಂದಿನದಕ್ಕೆ, ಒಂದು ಮುಂದಿನದಕ್ಕೆ. ಮಾಮೂಲಿ ಓಟದಲ್ಲಿ ಬಲ ಮುಂದಕ್ಕೆ ನೂರಕ್ಕೆ 40, ಹಿಂದಕ್ಕೆ 60 ಹಂಚಿಕೆಯಾಗಿರುತ್ತದೆ. ನಡುವಿನ ಲಾಕ್ ಹಾಕಿದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗಬೇಕಾಗುತ್ತದೆ. ಹಿಂದಿನದನ್ನು ಹಾಕಿದರೆ ಹಿಂದಿನ ಎರಡು ಚಕ್ರಗಳು ಜೋಡಿಯಾಗುತ್ತವೆ. ಮೂರೂ ಬಿದ್ದ ಮೇಲೆ ನಾಲ್ಕರಲ್ಲಿ ಒಂದೇ ಚಕ್ರಕ್ಕೆ ಹಿಡಿತ ಸಿಕ್ಕರೂ ಎಳೆಯುವ ಬಲ ಅದಕ್ಕೆ ಹೋಗಿ ತಲುಪುತ್ತದೆ. ಕ್ರಮವೂ ಅದೇ: ನಡುವಿನದು, ಹಿಂದಿನದು, ಕೊನೆಗೆ ಮುಂದಿನದು. ಬಿಡಿಸುವಾಗ ತಿರುಗುಮುರುಗು. ಗುಂಡಿ ಒತ್ತಿದ ಕೂಡಲೇ ಲಾಕ್ ಬೀಳುವುದಿಲ್ಲ. ಮೊದಲು ಹಳದಿ ದೀಪ, ಹಲ್ಲುಗಳು ಕೂಡಿಕೊಂಡ ಮೇಲೆ ಕೆಂಪು. ಹಳದಿಯಲ್ಲೇ ನಿಂತಿದ್ದರೆ ಸ್ಟೀರಿಂಗನ್ನು ನೆಟ್ಟಗೆ ಹಿಡಿದು ಗಾಡಿಯನ್ನು ಒಂದು ಗೇಣು ಮುಂದಕ್ಕೆ ಬಿಡುತ್ತೇನೆ, ಕೂಡಿಕೊಳ್ಳುತ್ತದೆ.

ಅದಕ್ಕೂ ಮುಂಚಿನ ಕೆಲಸ ಲೋ ರೇಂಜ್. ಗಾಡಿ 40 ಕಿ.ಮೀ. ಒಳಗಿನ ವೇಗದಲ್ಲಿರುವಾಗ ನ್ಯೂಟ್ರಲ್‌ಗೆ ತಂದು ಗುಂಡಿ ಒತ್ತಿದರೆ ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆಯ) ಗೇರು 2.93ರ ಅನುಪಾತಕ್ಕೆ ಇಳಿಯುತ್ತದೆ. ಚಕ್ರ ಸುಮಾರು ಮೂರು ಪಟ್ಟು ನಿಧಾನ, ಬಲ ಸುಮಾರು ಮೂರು ಪಟ್ಟು. ಆಮೇಲೆ ಕಾಲಿನ ಕೆಲಸ ಬಹಳ ಕಡಿಮೆ. ಗೇರನ್ನು ಕೈಯಿಂದ ಎರಡಕ್ಕೆ ಕಟ್ಟಿಹಾಕಿ, ಎಕ್ಸಲರೇಟರ್ ಮೇಲೆ ಹೆಬ್ಬೆರಳಿನ ಭಾರವನ್ನಷ್ಟೇ ಇಡುತ್ತೇನೆ. ಸ್ಯಾಂಡ್, ಟ್ರೇಲ್, ರಾಕ್ ಎಂದು ಮೂರು ಕಚ್ಚಾದಾರಿ ವಿಧಾನಗಳೂ ಇವೆ. ಎರೆಗೆ ನನಗೆ ಹಿಡಿಸಿದ್ದು ಟ್ರೇಲ್.

ಹೊಲಕ್ಕೆ ಇಳಿಯುವ ಮುಂಚೆ ನಾನೇ ಇಳಿದು ನಡೆಯುತ್ತೇನೆ. ಮೃಗಶಿರಾ ಮಳೆ ಸುರಿದ ಮಾರನೆಯ ದಿನ ಮೇಲ್ಮೈ ಒಣಗಿದಂತೆ ಕಂಡರೂ ಅದನ್ನು ನಂಬಬಾರದು. ಬದುವಿನ ಪಕ್ಕ ನಿಂತು ಹಿಮ್ಮಡಿಯನ್ನು ಒತ್ತಿ ತಿರುಗಿಸುತ್ತೇನೆ. ಮಣ್ಣು ಪುಡಿಯಾದರೆ ಚಿಂತೆಯಿಲ್ಲ. ಬಿಲ್ಲೆಯಾಗಿ ಚಪ್ಪಲಿಗೆ ಅಂಟಿಕೊಂಡು ಮೇಲೆದ್ದರೆ ಮೂರೂ ಲಾಕ್ ಬೇಕು. ಹಿಮ್ಮಡಿ ಇಳಿದ ಕುಣಿಯಲ್ಲಿ ನೀರು ಜಿನುಗಿದರೆ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ಸಾಹುಕಾರರಿಗೆ ಕೊಡೆ ಕೊಡುತ್ತೇನೆ. ಅವರಿಗೆ ಈ ಕೊನೆಯ ತೀರ್ಮಾನ ಅಷ್ಟಾಗಿ ಸೇರುವುದಿಲ್ಲ. "ಬಂಡಿ ಹೋದ ಜಾಡಿನಲ್ಲಿ ಬೆಂಜ್ ಹೋಗುವುದಿಲ್ಲವೇನಪ್ಪಾ?" ಎಂದು ಒಮ್ಮೆ ಕೇಳಿದರು. "ಎತ್ತಿಗೆ ನಾಲ್ಕು ಕಾಲೂ ಬೇರೆ ಬೇರೆ ಬುದ್ಧಿ, ಸಾಹುಕಾರರೇ" ಎಂದೆ. ನಕ್ಕು ಕೊಡೆ ಬಿಚ್ಚಿಕೊಂಡರು.

ಆಮೇಲೆ ಟೈರಿನ ಗಾಳಿ. ಹೆದ್ದಾರಿಯ ಗಾಳಿಯಲ್ಲಿ ಎರೆಗೆ ಇಳಿಯುವುದಿಲ್ಲ. ಸ್ವಲ್ಪ ಬಿಟ್ಟರೆ ಟೈರು ಅಗಲವಾಗಿ ನೆಲದ ಮೇಲೆ ಕೂರುತ್ತದೆ, ತೂಕ ಹರಡಿಕೊಳ್ಳುತ್ತದೆ. ಎಷ್ಟು ಬಿಡಬಹುದು ಎಂಬುದು ಟೈರಿನ ಗೋಡೆಯ ಎತ್ತರದ ಮೇಲೆ ನಿಂತಿದೆ. ಗಾಡಿಯ ಜೊತೆ ಬಂದದ್ದು 22 ಇಂಚಿನ ರಿಮ್ಮಿನ 295/40 ಅಳತೆಯ ಟೈರು. ಅದರ ಗೋಡೆ 12 ಸೆಂ.ಮೀ.ಗಿಂತ ಒಂದು ಕೂದಲು ಕಡಿಮೆ. ಅದರಲ್ಲಿ ಹೆಚ್ಚು ಗಾಳಿ ಬಿಟ್ಟರೆ ಕಲ್ಲು ಸಿಕ್ಕಾಗ ರಿಮ್ಮಿಗೇ ಏಟು. ಬಿಡದಿದ್ದರೆ ಹೂತುಕೊಳ್ಳುತ್ತದೆ. ಕೆಸರಿನಿಂದ ಆಚೆ ಬಂದು ಡಾಂಬರು ಮುಟ್ಟುವ ಮೊದಲು ಮತ್ತೆ ಗಾಳಿ ತುಂಬಲು ಡಿಕ್ಕಿಯಲ್ಲಿ ಸಣ್ಣ ಕಂಪ್ರೆಸರ್ ಇಟ್ಟಿದ್ದೇನೆ.

ಮುಂದಿನ ಲಾಕ್ ಬಿದ್ದಾಗ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಗಾಡಿ ನೆಟ್ಟಗೆ ಹೋಗಲು ಹಟ ಮಾಡುತ್ತದೆ. ಹೊಲದ ಮೂಲೆಯಲ್ಲಿ ತಿರುಗಬೇಕಾದರೆ ಮುಂದಿನದೊಂದನ್ನು ಬಿಡಿಸಿ, ತಿರುಗಿ, ಮತ್ತೆ ಹಾಕುತ್ತೇನೆ. ಲಾಕ್ ಹಾಕಿಕೊಂಡೇ ಡಾಂಬರಿಗೆ ಬರುವುದಂತೂ ಸಲ್ಲದು. ಚಕ್ರಗಳು ಜಾರಲು ಆಸ್ಪದವಿಲ್ಲದೆ ತಿರುಚುವ ಒತ್ತಡವೆಲ್ಲ ಆಕ್ಸಲ್ ಮತ್ತು ಗೇರುಗಳ ಮೇಲೆ ಬೀಳುತ್ತದೆ. ಬಿಡಿಸಿದ ಮೇಲೂ ಕೆಂಪು ದೀಪ ಆರದಿದ್ದರೆ ಒಂದು ಮಾರು ಹಿಂದಕ್ಕೆ ತೆಗೆದುಕೊಂಡರೆ ಒತ್ತಡ ಸಡಿಲಾಗಿ ಬಿಟ್ಟುಕೊಳ್ಳುತ್ತದೆ.

ಚಿತ್ರದುರ್ಗದ ಕಡೆಯ ಗಾಳಿಯಂತ್ರದ ಗುಡ್ಡದಲ್ಲಿ ಆಟವೇ ಬೇರೆ. ಅಲ್ಲಿ ಕೆಸರಿಲ್ಲ, ಗರಸು, ಸಡಿಲ ಜಲ್ಲಿ, ಮಳೆ ನೀರು ಕೊರೆದ ಕೊರಕಲು, ಅಲ್ಲಲ್ಲಿ ಮಂಡಿಯೆತ್ತರದ ಕಲ್ಲು. ಜಿ ಗಾಡಿ 1979ರಿಂದ ತಯಾರಾಗುತ್ತಿರುವುದು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ. ಅಲ್ಲಿನ 1,445 ಮೀಟರ್ ಎತ್ತರದ ಶ್ಯೋಕ್ಲ್ ಬೆಟ್ಟದ ಕಲ್ಲುದಾರಿಯಲ್ಲಿ ಅದನ್ನು ಪರೀಕ್ಷಿಸುತ್ತಾರೆ. ಆ ತವರಿನ ಗುಣ ಈ ಗುಡ್ಡದ ಮೇಲೆ ಕಾಣಿಸುತ್ತದೆ. ಅಡಿಯಲ್ಲಿ ಲಾರಿಯಂತೆ ಏಣಿ ಚಾಸಿ, ಹಿಂದೆ ಇಡಿಯಾದ ಗಟ್ಟಿ ಆಕ್ಸಲ್. ಮುಂದೆ ಮಾತ್ರ 2018ರ ಮಾದರಿಯಿಂದ ಎರಡು ಚಕ್ರಗಳಿಗೂ ಬೇರೆ ಬೇರೆ ಸಸ್ಪೆನ್ಷನ್. ಅದಕ್ಕೂ ಮುಂಚೆ ಮುಂದೆಯೂ ಗಟ್ಟಿ ಆಕ್ಸಲ್ಲೇ ಇತ್ತು. ಹಳೆಯ ಅಭಿಮಾನಿಗಳು ಇದಕ್ಕೆ ಮುನಿಸಿಕೊಂಡರಂತೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಸ್ಟೀರಿಂಗ್ ಹಿಡಿಯುವ ನನಗೆ ಮುನಿಸಿಲ್ಲ. ಗಾಡಿ ಗೆರೆ ಬಿಟ್ಟು ಅಲೆಯುವುದಿಲ್ಲ, ಭುಜಕ್ಕೆ ನೋವಿಲ್ಲ.

ಆದರೆ ಕಲ್ಲು ದಾಟುವ ಬಗೆ ಇದರಿಂದ ತುಸು ಬದಲಾಗುತ್ತದೆ. ಗಟ್ಟಿ ಆಕ್ಸಲ್ಲಿನಲ್ಲಿ ಒಂದು ಚಕ್ರ ಕಲ್ಲೇರಿದರೆ ಡಿಫರೆನ್ಷಿಯಲ್ಲಿನ ಹೊರಕವಚವಾದ ಹೌಸಿಂಗ್ ಕೂಡ ಜೊತೆಗೇ ಮೇಲೇಳುತ್ತದೆ. ಬೇರೆ ಬೇರೆ ಸಸ್ಪೆನ್ಷನ್ನಿನಲ್ಲಿ ಚಕ್ರ ಏರಿ ಸ್ಪ್ರಿಂಗ್ ಅದುಮಿದಾಗ ಹೊಟ್ಟೆ ಅಲ್ಲೇ ಉಳಿಯುತ್ತದೆ. ಈ ಗಾಡಿಯ ಹೊಟ್ಟೆಗೂ ನೆಲಕ್ಕೂ ಅಂತರ ಸುಮಾರು 24 ಸೆಂ.ಮೀ. ಅದಕ್ಕೆ ದೊಡ್ಡ ಕಲ್ಲನ್ನು ಎರಡು ಚಕ್ರಗಳ ನಡುವೆ ತೂರಿಸಿಕೊಳ್ಳದೆ ಟೈರನ್ನೇ ಅದರ ಮೇಲೆ ಹತ್ತಿಸುತ್ತೇನೆ. ಹೊಸಬರ ಕೈ ಇದಕ್ಕೆ ಒಪ್ಪುವುದಿಲ್ಲ, ಕಲ್ಲು ಕಂಡರೆ ಪಕ್ಕಕ್ಕೆ ಎಳೆಯುತ್ತದೆ. ಈ ಗಾಡಿಯ ಹೊಗೆಕೊಳವೆಗಳು ಹಿಂದೆ ಇರದೆ, ಹಿಂದಿನ ಚಕ್ರಕ್ಕಿಂತ ಮುಂದೆ ಎರಡೂ ಪಕ್ಕಕ್ಕೆ ತೆರೆದಿವೆ. ಕೊರಕಲಿನ ಅಂಚಿಗೆ ಉಜ್ಜಿದರೆ ಮೊದಲು ತಾಗುವುದು ಅವೇ. ಇಳಿಜಾರಿನಲ್ಲಿ ಲೋ ರೇಂಜ್, ಮೊದಲ ಗೇರು, ಎಂಜಿನ್ನೇ ಗಾಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. 40 ಸೆಂ.ಮೀ. ಅಗಲದ ಬ್ರೇಕ್ ಡಿಸ್ಕುಗಳನ್ನು ಹೆದ್ದಾರಿಗೆ ಉಳಿಸುತ್ತೇನೆ.

ಗುಡ್ಡ ಏರಿ ಬಂದ ಕೂಡಲೇ ಎಂಜಿನ್ ಆಫ್ ಮಾಡುವುದಿಲ್ಲ. ಇದರ ಎರಡೂ ಟರ್ಬೊಗಳು ವಿ ಆಕಾರದ ಎಂಜಿನ್ನಿನ ನಡುವಿನ ಕಣಿವೆಯೊಳಗೇ ಕೂತಿವೆ. ಹೊಗೆ ಕಡಿಮೆ ದೂರ ಓಡಿ ಟರ್ಬೊ ಬೇಗ ಎದ್ದೇಳುತ್ತದೆ, ನಿಜ. ಬಿಸಿಯೂ ಅಲ್ಲೇ ಗುಡ್ಡೆ ಬೀಳುತ್ತದೆ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟರೆ ಆಯಿಲ್ ಹರಿದು ತಣ್ಣಗಾಗುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ಕಣದ ಹತ್ತಿರ ಗಾಡಿ ನಿಲ್ಲಿಸಿದ್ದರೆ ಬಾನೆಟ್ ಎತ್ತಿ ನೋಡಲೇಬೇಕು. ಸಿಪ್ಪೆಯ ನಾರು ರೇಡಿಯೇಟರ್ ಜಾಲರಿಗೆ ಹಾಸಿಗೆಯಂತೆ ಅಂಟಿಕೊಳ್ಳುತ್ತದೆ. ಬ್ರಷ್ಷಿನಲ್ಲಿ ಮೆಲ್ಲಗೆ ಬಾಚಿ ತೆಗೆಯುತ್ತೇನೆ.

ಕೆಸರಿನ ಕೆಲಸದ ಅರ್ಧ ಪಾಲು ಮನೆಗೆ ಬಂದ ಮೇಲೆ. ಹೊರಮೈ ತೊಳೆಯಲು ಯಾರಾದರೂ ಸಿಗುತ್ತಾರೆ. ರಿಮ್ಮಿನ ಒಳಮೈಯನ್ನು ನಾನೇ ತೊಳೆಯುತ್ತೇನೆ. ಎರೆಮಣ್ಣು ಅಲ್ಲಿ ಒಂದೇ ಪಕ್ಕಕ್ಕೆ ಕೂತು ಒಣಗಿ ಗಾರೆಯಾದರೆ ಮರುದಿನ ಹೆದ್ದಾರಿಯಲ್ಲಿ ವೇಗ ಏರಿದಂತೆ ಸ್ಟೀರಿಂಗ್ ನಡುಗುತ್ತದೆ. ಅಲೈನ್‌ಮೆಂಟ್ ಹೋಗಿದೆ, ಬ್ಯಾಲೆನ್ಸಿಂಗ್ ಮಾಡಿಸಿ ಎನ್ನುವ ಸಲಹೆ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ನಾನು ಮೊದಲು ಚಕ್ರದ ಹಿಂದೆ ಕೈಹಾಕಿ ನೋಡುತ್ತೇನೆ. ಹೆಚ್ಚಿನ ಸಲ ಒಂದು ಬೊಗಸೆ ಒಣಮಣ್ಣು ಕೈಗೆ ಬರುತ್ತದೆ, ನಡುಕವೂ ಅದರ ಜೊತೆ ಹೋಗುತ್ತದೆ.

ಹಳ್ಳದ ವಿಷಯ: ಕಂಪನಿ ಹೇಳುವ ಮಿತಿ 70 ಸೆಂ.ಮೀ. ನಾನು ಕೋಲು ಹಿಡಿದು ಇಳಿದು, ನೀರು ಮೊಣಕಾಲು ಮುಟ್ಟಿದರೆ ವಾಪಸು. ಬಿಸಿ ಡಿಸ್ಕ್ ತಣ್ಣೀರಿಗೆ ಬಿದ್ದರೆ ಸೊಟ್ಟಗಾಗಬಹುದಾದ್ದರಿಂದ ದಾಟುವ ಮುಂಚೆ ಸ್ವಲ್ಪ ನಿಲ್ಲಿಸುತ್ತೇನೆ. ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತುತ್ತಾ ಒಣಗಿಸುತ್ತೇನೆ. ಡಿಫರೆನ್ಷಿಯಲ್ ಆಯಿಲ್ ಬೆಳ್ಳಗೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಅಂಥದನ್ನು ಇಟ್ಟುಕೊಂಡು ಒಂದು ಮೈಲಿಯೂ ಓಡಿಸಬಾರದು.

ಟೈರಿನ ವಿಷಯದಲ್ಲಿ ಸಾಹುಕಾರರನ್ನು ಒಪ್ಪಿಸಲು ಬಹಳ ಮಾತು ಖರ್ಚಾಯಿತು. ಈ ಗಾಡಿಗೆ 20 ಇಂಚಿನ ರಿಮ್ಮೂ ಕೂರುತ್ತದೆ. 275/50 ಅಳತೆಯ ಟೈರಿನ ಗೋಡೆ ಸುಮಾರು 14 ಸೆಂ.ಮೀ. ಎರಡು ಸೆಂ.ಮೀ.ಗೆ ಇಷ್ಟು ದುಡ್ಡೇ ಎಂದರು. ಹೊಲದಿಂದ ಎಳೆದು ತರುವ ಟ್ರ್ಯಾಕ್ಟರಿನ ಮುಂದೆ ಜನ ನಿಂತು ಫೋಟೊ ತೆಗೆದರೆ ಎಷ್ಟಾಗುತ್ತದೆ ಎಂದು ಕೇಳಿದೆ. ಕೆಸರಿಗೆ ಹೊಂದುವ ಒರಟು ಹಲ್ಲಿನ ಟೈರು ಹಾಕಿದ ಎರಡನೇ ಜೊತೆ ಬಂತು. ರೋಹಿಣಿ ಮಳೆಗೆ ಅದನ್ನು ಏರಿಸುತ್ತೇನೆ, ದೀಪಾವಳಿಯ ಹೊತ್ತಿಗೆ ಇಳಿಸುತ್ತೇನೆ. ಲಗ್ನಗಳು ಶುರುವಾದ ಮೇಲೆ ಸಾಹುಕಾರರ ಮಗನಿಗೆ 22 ಇಂಚಿನ ರಿಮ್ಮೇ ಆಗಬೇಕು.