ಜಲಾಂತರ್ಗಾಮಿ ಆಟದಲ್ಲಿ ಸಂಚಾರದೂರದ ಲೆಕ್ಕವನ್ನು ಸರಿಪಡಿಸುವ ಕ್ರಮ

ಕಂಪ್ಯೂಟರ್ ಆಟದಲ್ಲಿ ಜಲಾಂತರ್ಗಾಮಿಯ ಇಂಧನವು ನಡುಗಡಲಿನಲ್ಲೇ ಮುಗಿದರೆ, ಎಂಜಿನ್ನನ್ನು ದೂರುವ ಮೊದಲು ಸಂಚಾರದೂರವನ್ನು (ತುಂಬಿದ ಟ್ಯಾಂಕಿನಲ್ಲಿ ಸಾಗಬಲ್ಲ ದೂರ) ಬರೆದಿರುವ ಕಡತದ ಅಳತೆಮಾನವನ್ನು ಪರೀಕ್ಷಿಸಬೇಕು. ಎರಡನೇ ಮಹಾಯುದ್ಧದ ಕಾಲದ ಜರ್ಮನಿಯ ಏಳು-ಸಿ ಮಾದರಿಯ ಯು-ಬೋಟ್ (ಜಲಾಂತರ್ಗಾಮಿ) ನೀರಿನ ಮೇಲೆ 10 ನಾಟ್ (ಗಂಟೆಗೆ 10 ನಾಟಿಕಲ್ ಮೈಲು) ವೇಗದಲ್ಲಿ ಸುಮಾರು 8,500 ನಾಟಿಕಲ್ ಮೈಲು ಸಾಗಬಲ್ಲದಾಗಿತ್ತು. ಒಂದು ನಾಟಿಕಲ್ ಮೈಲು 1,852 ಮೀಟರ್ ಆದುದರಿಂದ ಇದು 15,742 ಕಿಲೋಮೀಟರ್ ಆಗುತ್ತದೆ. ಕಾಸರಗೋಡಿನವರಿಗೆ ಅಂದಾಜು ಸುಲಭ: ಮಂಗಳೂರಿಗಿರುವ ಸುಮಾರು 50 ಕಿಲೋಮೀಟರ್ ದಾರಿಯು ಮೀನುಗಾರರ ಜಿಪಿಎಸ್ ಲೆಕ್ಕದಲ್ಲಿ 27 ನಾಟಿಕಲ್ ಮೈಲು ಮಾತ್ರ.

ಪರೀಕ್ಷೆಗಾಗಿ ಕಡತದ ಒಂದು ನಕಲನ್ನು ತೆಗೆದಿಟ್ಟು, ಟ್ಯಾಂಕ್ ತುಂಬಿಸಿ, ಶಾಂತ ಸಮುದ್ರದಲ್ಲಿ 10 ನಾಟ್ ವೇಗದಲ್ಲಿ 24 ಗಂಟೆ ನೇರವಾಗಿ ಸಾಗಿರಿ. ಕ್ರಮಿಸಿದ ದೂರ 240 ನಾಟಿಕಲ್ ಮೈಲು. ಖರ್ಚಾದ ಇಂಧನ ಶೇ. 2.8ರಷ್ಟಿದ್ದರೆ ಲೆಕ್ಕ ಸರಿಯಾಗಿದೆ. ಶೇ. 5.2 ಖರ್ಚಾಗಿದ್ದರೆ ಆಟವು ನಿಮ್ಮ 8,500ನ್ನು ಕಿಲೋಮೀಟರ್ ಎಂದು ಓದಿದೆ, ಅಲ್ಲಿ 15,742 ಎಂದು ಬರೆಯಿರಿ. ಶೇ. 1.5 ಮಾತ್ರ ಆಗಿದ್ದರೆ ಪರಿವರ್ತನೆ ಎರಡು ಬಾರಿ ನಡೆದಿದೆ (ಕಡತದಲ್ಲಿರುವ 15,742ನ್ನು ಆಟವು ನಾಟಿಕಲ್ ಮೈಲು ಎಂದು ಓದಿದೆ), 8,500ಕ್ಕೇ ಮರಳಿರಿ. ನನ್ನನ್ನು ಹೆಚ್ಚು ಕಾಡಿದ್ದು ಶೇ. 3.2ರ ಫಲಿತಾಂಶ: 1,609 ಮೀಟರಿನ ರಸ್ತೆ ಮೈಲು ನುಸುಳಿದಾಗ ವ್ಯತ್ಯಾಸವು ಅಲೆಗಳ ಪರಿಣಾಮದಂತೆಯೇ ತೋರುತ್ತದೆ. ಆಗ ಕಡತದಲ್ಲಿ ಸುಮಾರು 9,780 ಎಂದು ಬರೆಯಬೇಕು.