ಹೋಟೆಲ್‌ನಲ್ಲಿ ಹುಟ್ಟುಹಬ್ಬ: ಟೇಬಲ್ ಹಿಡಿಯುವುದರಿಂದ ಬಿಲ್ ಕಟ್ಟುವವರೆಗೆ

ಭಾನುವಾರ ರಾತ್ರಿ ಎಂಟೂವರೆಗೆ ಹನ್ನೆರಡು ಜನರನ್ನು ಕಟ್ಟಿಕೊಂಡು ತುಮಕೂರಿನ ಯಾವುದಾದರೂ ಹೆಸರಿರುವ ಹೋಟೆಲ್‌ಗೆ ಹೋಗಿ ನೋಡಿ. ಸಿಗುವುದು ಮೂರು ಮೂಲೆಯಲ್ಲಿ ಮೂರು ಟೇಬಲ್. ಹುಟ್ಟುಹಬ್ಬದ ಮಗು ಒಂದು ಕಡೆ, ಅಜ್ಜಿ-ತಾತ ಇನ್ನೊಂದು ಕಡೆ. ಎರಡು ದಿನ ಮೊದಲೇ ಫೋನ್ ಮಾಡಿ ಏಳು ಗಂಟೆಗೆ ಟೇಬಲ್ ಹಿಡಿದರೆ ಈ ಪಾಡಿಲ್ಲ. ಅಡುಗೆಮನೆಗೆ ಆಗ ಒತ್ತಡ ಕಡಿಮೆ, ಹಿರಿಯರ ಊಟದ ಹೊತ್ತೂ ಅದೇ, ಗುಬ್ಬಿ-ಕುಣಿಗಲ್ ಕಡೆಯ ನೆಂಟರು ಹೊತ್ತಾಗುವ ಮೊದಲೇ ಊರು ಸೇರಬಹುದು.

ಫೋನ್‌ನಲ್ಲಿ ‘ಟೇಬಲ್ ಇದೆಯಾ’ ಎಂದಷ್ಟೇ ಕೇಳಿ ಇಡಬೇಡಿ. ಎಷ್ಟು ಜನ, ಅದರಲ್ಲಿ ಮಕ್ಕಳೆಷ್ಟು, ಟೇಬಲ್ ಜೋಡಿಸಿಕೊಡುತ್ತಾರಾ, ಮೇಲಿನ ಮಹಡಿಯಾದರೆ ಲಿಫ್ಟ್ ಇದೆಯಾ, ಹೊರಗಿನ ಕೇಕ್ ತರಬಹುದಾ, ಅದಕ್ಕೆ ಬೇರೆ ದುಡ್ಡು ಕೊಡಬೇಕಾ, ಕಾರು ಎಲ್ಲಿ ನಿಲ್ಲಿಸಬೇಕು ಎಂದು ಕೇಳಿ. ಮಾತನಾಡಿದವರ ಹೆಸರು ಬರೆದಿಟ್ಟುಕೊಳ್ಳಿ. ಹುಟ್ಟುಹಬ್ಬ ಸೋಮವಾರವೋ ಶನಿವಾರವೋ ಬಂದರೆ, ಅಥವಾ ಶ್ರಾವಣದಲ್ಲಿ ಬಂದರೆ, ಹೋಟೆಲ್ ಗೊತ್ತುಮಾಡುವ ಮುಂಚೆ ಕರೆದವರಲ್ಲಿ ಯಾರು ಮಾಂಸ ಮುಟ್ಟುವುದಿಲ್ಲ ಎಂದು ವಿಚಾರಿಸಿ. ಒಬ್ಬರೇ ಒಬ್ಬರು ಮೊಸರನ್ನ ತಿಂದು ಎದ್ದುಹೋಗುವಂತಾಗಬಾರದು.

ಕೇಕ್ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹನ್ನೆರಡು ಜನಕ್ಕೆ ಒಂದು ಕೆ.ಜಿ. ಧಾರಾಳ, ತಲೆಗೆ 80 ಗ್ರಾಂ ತುಂಡು ಬರುತ್ತದೆ. ಊಟ ಬೇರೆ ಇರುವಾಗ ಎರಡು ಕೆ.ಜಿ. ತಂದರೆ ಅರ್ಧ ಮಕ್ಕಳ ಮುಖಕ್ಕೆ, ಇನ್ನರ್ಧ ಕಸಕ್ಕೆ. ಪ್ಯೂರ್ ವೆಜ್ ಹೋಟೆಲ್‌ಗಳಲ್ಲಿ ಮೊಟ್ಟೆ ಹಾಕಿದ ಕೇಕನ್ನು ಒಳಗೇ ಬಿಡದಿರಬಹುದು. ಹಾಗಾಗಿ ‘ಎಗ್‌ಲೆಸ್’ ಎಂದು ಆರ್ಡರ್ ಚೀಟಿಯಲ್ಲೇ ಬರೆಸಿ. ಫ್ರೆಶ್ ಕ್ರೀಮ್ ಕೇಕ್ ಸೆಕೆಗೆ ಬೇಗ ಕರಗಿ, ಮೇಲೆ ಬರೆದ ಹೆಸರು ಜಾರುತ್ತದೆ. ಬೇಕರಿಯಿಂದ ಹೊರಡುವಾಗ ಕೊನೆಯಲ್ಲಿ ತೆಗೆದುಕೊಳ್ಳಿ, ಕಾರಿನಲ್ಲಿ ತೊಡೆಯ ಮೇಲಲ್ಲ, ಕಾಲ ಬಳಿ ಸಮತಟ್ಟಾಗಿ ಇಡಿ, ಹೋಟೆಲ್ ಮುಟ್ಟಿದ ಕೂಡಲೇ ಫ್ರಿಜ್‌ನಲ್ಲಿ ಇಡಿಸಿ. ಈರುಳ್ಳಿ, ಮಸಾಲೆ ಇಟ್ಟ ಫ್ರಿಜ್ ಬೇಡ. ಕ್ರೀಮ್ ವಾಸನೆ ಹೀರುತ್ತದೆ. ಸ್ನೋ ಸ್ಪ್ರೇಯನ್ನಂತೂ ಮನೆಯಲ್ಲೇ ಬಿಟ್ಟು ಬನ್ನಿ. ಬಹುತೇಕ ಡಬ್ಬಿಗಳಲ್ಲಿ ನೊರೆಯನ್ನು ಹೊರದೂಡುವುದು ಉರಿಯುವ ಅನಿಲ. ಮೊಂಬತ್ತಿ ಎದುರಿಗಿದ್ದಾಗ ಅದನ್ನು ಮಗುವಿನ ಮುಖದ ಮೇಲೆ ಹಾರಿಸುವುದು ಖಂಡಿತ ಕೂಡದು.

ಕೇಕ್ ಕತ್ತರಿಸಲು ಒಳ್ಳೆಯ ಹೊತ್ತು ಸೂಪ್, ಸ್ಟಾರ್ಟರ್ ಮುಗಿದ ಮೇಲೆ. ಬಂದ ತಕ್ಷಣ ಕತ್ತರಿಸಿದರೆ ಮಕ್ಕಳಿಗೆ ಊಟ ಸೇರುವುದಿಲ್ಲ, ತಡವಾಗಿ ಬಂದವರಿಗೆ ಬೇಸರ.

ಇನ್ನು ಆರ್ಡರ್. ಹನ್ನೆರಡು ಜನಕ್ಕೆ ಸೂಪ್ ಒನ್ ಬೈ ಟೂನಲ್ಲಿ ಆರು ಸಾಕು. ಸ್ಟಾರ್ಟರ್ ನಾಲ್ಕು ಪ್ಲೇಟ್, ಗ್ರೇವಿ ಮೂರು ಜನಕ್ಕೆ ಒಂದರಂತೆ ನಾಲ್ಕು. ಅನ್ನದ ಬಗೆ ಮೊದಲು ಮೂರು ಪ್ಲೇಟ್ ಹೇಳಿ. ಬೇಕಾದರೆ ಆಮೇಲೆ ಇದ್ದೇ ಇದೆ. ರೊಟ್ಟಿ-ನಾನ್ ತಲೆಗೆ ಎರಡರಂತೆ 24ನ್ನೂ ಒಟ್ಟಿಗೆ ಹೇಳುವುದೇ ದೊಡ್ಡ ತಪ್ಪು. ತಂದೂರ್ ಒಲೆಯಲ್ಲಿ ಒಂದು ಸಲಕ್ಕೆ ಬೇಯುವುದು ಕೆಲವೇ. ಎಲ್ಲ ಸೇರುವವರೆಗೆ ಮೊದಲಿನವು ಕಾದು, ಮೈದಾ ಆರಿ, ನಾನ್ ಚರ್ಮದಂತೆ ಎಳೆಯುತ್ತದೆ. ಎಂಟೆಂಟರಂತೆ ಮೂರು ಸಲ ತರಿಸಿ, ಸಪ್ಲೈಯರ್‌ಗೆ ಮೊದಲೇ ತಿಳಿಸಿ. ಖಾರ ಕಡಿಮೆ ಬೇಕಾದ ಪ್ಲೇಟನ್ನು ಬೇರೆಯಾಗಿ ಬರೆಸಿ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ, ಕಬಾಬ್‌ಗೆ ಹಾಕುವುದನ್ನು ಅದೇ ವರ್ಷ ಜೂನ್‌ನಲ್ಲಿ ನಿಷೇಧಿಸಿದೆ. ಕಣ್ಣು ಕುಕ್ಕುವ ಕೆಂಪಿದ್ದರೆ ಕೇಳಲು ಹಿಂಜರಿಯಬೇಡಿ.

ಬಿಲ್ ಬಂದಾಗ ಸಂಕೋಚದಿಂದ ಹಾಗೇ ದುಡ್ಡಿಡುವವರೇ ಹೆಚ್ಚು. ನೋಡಿಯೇ ಕೊಡಿ. ಸಾಮಾನ್ಯ ಹೋಟೆಲ್‌ನಲ್ಲಿ ಜಿಎಸ್‌ಟಿ ಶೇ 5, ಕೇಂದ್ರಕ್ಕೆ 2.5, ರಾಜ್ಯಕ್ಕೆ 2.5 ಎಂದು ಎರಡು ಸಾಲಿನಲ್ಲಿರುತ್ತದೆ. ತಿಂದದ್ದು 4,800 ರೂಪಾಯಿಯಾದರೆ ತೆರಿಗೆ 240, ಒಟ್ಟು 5,040. ಇದರ ನಡುವೆ ಶೇ 10ರ ‘ಸರ್ವಿಸ್ ಚಾರ್ಜ್’ ನುಸುಳಿದರೆ ಅದಕ್ಕೂ ತೆರಿಗೆ ಬಿದ್ದು ಬಿಲ್ 5,544 ಆಗುತ್ತದೆ. ಸರ್ವಿಸ್ ಚಾರ್ಜ್ ತಾನಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಎಂದು ಹೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ರಾತ್ರಿಯೆಲ್ಲ ನಿಂತು ಬಡಿಸಿದ ಹುಡುಗನಿಗೆ ಕೊಡುವ ಟಿಪ್ಸ್ ಬೇರೆ ಮಾತು. ಅದನ್ನು ಅವನ ಕೈಗೇ ಕೊಡಿ.

ಉಳಿದದ್ದನ್ನು ಪಾರ್ಸೆಲ್ ಕಟ್ಟಿಸಲು ನಾಚಿಕೆ ಬೇಡ. ಗ್ರೇವಿ, ಅನ್ನ, ಮೊಸರುಬಜ್ಜಿ ಬೇರೆ ಬೇರೆ ಕಟ್ಟಿಸಿ. ಟೇಬಲ್ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇದ್ದ ಅನ್ನ, ಕ್ರೀಮ್ ಕೇಕ್ ಮಾತ್ರ ಮಾರನೆಯ ದಿನಕ್ಕೆ ಇಡಬೇಡಿ.